ಪ್ಯಾಪ್ ಸ್ಮಿಯರ್ ರಿಪೋರ್ಟ್ ಸರಿ ಬಂದಿಲ್ಲ, ಈ ಕಾಯೋ ದಿನಗಳನ್ನ ಹೇಗೆ ಕಳೆಯೋದು?

ಸುಮಾ_ದಾವಣಗೆರೆ · ಬುಧವಾರ ರಾತ್ರಿ 11:20

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಅಡುಗೆ ವಿಭಾಗದಲ್ಲಿ ಮಾತ್ರ ಬರೆಯುತ್ತಿದ್ದೆ. ಇದನ್ನ ಎಲ್ಲಿ ಕೇಳಬೇಕು ಅಂತ ಗೊತ್ತಾಗದೆ ಈ ಕಡೆ ಬಂದೆ.

ನನಗೆ 41 ವರ್ಷ. ಮೈಯಲ್ಲಿ ಏನೂ ತೊಂದರೆ ಇರಲಿಲ್ಲ. ತಂಗಿ ಬಿಡದೆ ಒತ್ತಾಯ ಮಾಡಿದಳು ಅಂತ ಪ್ಯಾಪ್ ಸ್ಮಿಯರ್, ಅಂದ್ರೆ ಗರ್ಭಕಂಠದ ಕೋಶ ತೆಗೆದು ನೋಡೋ ಪರೀಕ್ಷೆ, ಮಾಡಿಸಿದೆ. ಮೊನ್ನೆ ಶನಿವಾರ ಸಂಜೆ ದೋಸೆಗೆ ರುಬ್ಬುತ್ತಿದ್ದೆ, ಲ್ಯಾಬ್‌ನವರು ವಾಟ್ಸಾಪ್‌ಗೆ ಪಿಡಿಎಫ್ ಕಳಿಸಿದರು. ಕೈಯೆಲ್ಲ ಹಿಟ್ಟು. ಕಿರುಬೆರಳಲ್ಲಿ ಒತ್ತಿ ತೆರೆದೆ. ದಪ್ಪ ಅಕ್ಷರದಲ್ಲಿ ಎಲ್‌ಎಸ್‌ಐಎಲ್ ಅಂತ ಇತ್ತು, ಕೆಳಗೆ 'ಅಬ್‌ನಾರ್ಮಲ್'. ಗ್ರೈಂಡರ್ ಆಫ್ ಮಾಡೋದೂ ಮರೆತು ಅಲ್ಲೇ ಕೂತುಬಿಟ್ಟೆ. ಹಿಟ್ಟು ಬಿಸಿಯಾಗಿ ಕೆಟ್ಟಿತು. ಭಾನುವಾರ ಕ್ಲಿನಿಕ್ ರಜೆ. ಆ ಎರಡು ರಾತ್ರಿ ಗೂಗಲ್ ನೋಡಿದ್ದೇ ನೋಡಿದ್ದು. ಮಗಳಿಗೆ ಈಗ 13, ಅವಳ ಎಸ್ಸೆಸ್ಸೆಲ್ಸಿ ಹೊತ್ತಿಗೆ ನಾನು ಇರ್ತೀನಾ ಅಂತ ಲೆಕ್ಕ ಹಾಕಿದೆ.

ಸೋಮವಾರ ಡಾಕ್ಟರ್ 'ಏನಿಲ್ಲ, ಕಾಲ್ಪೋಸ್ಕೋಪಿ ಮಾಡಿಸಿ ನೋಡೋಣ' ಅಂದು ಚೀಟಿ ಬರೆದು ಕೊಟ್ಟರು. ಗರ್ಭಕಂಠವನ್ನ ದೊಡ್ಡದಾಗಿ ತೋರಿಸೋ ಯಂತ್ರದಲ್ಲಿ ನೋಡೋ ಪರೀಕ್ಷೆಯಂತೆ ಅದು. ಡೇಟ್ ಸಿಕ್ಕಿರೋದು ಮುಂದಿನ ವಾರ ಗುರುವಾರ. ನಮ್ಮ ಮನೆಯವರಿಗೆ ಹೇಳಿದೆ, 'ಏನೂ ಆಗಲ್ಲ ಬಿಡು' ಅಂದರು. ಅತ್ತೆಗೆ ಹೇಳಿಲ್ಲ. ರಿಪೋರ್ಟ್ ಪ್ರಿಂಟ್ ರವೆ ಡಬ್ಬದ ಹಿಂದೆ ಬಚ್ಚಿಟ್ಟಿದ್ದೀನಿ. ಅನ್ನ ಇಳಿಯುತ್ತಿಲ್ಲ, ನಿದ್ದೆ ಬರುತ್ತಿಲ್ಲ. ನಿಮಗೆ ಯಾರಿಗಾದರೂ ಹೀಗಾಗಿತ್ತಾ? ಈ ದಿನಗಳನ್ನ ಹೇಗೆ ಕಳೆದಿರಿ?

ವೀಣಾ_ತುಮಕೂರು · ರಾತ್ರಿ 11:26

ಸುಮಾ ಅವರೇ, ಮೊದಲು ಗೂಗಲ್ ಮುಚ್ಚಿ. ನಾನು ಎಚ್ಚರ ಇದ್ದೀನಿ, ಇಲ್ಲೇ ಬರೀರಿ.

ಸೂಕ್ಷ್ಮದರ್ಶಕ · ರಾತ್ರಿ 11:58

ನಾನು ಲ್ಯಾಬ್‌ನಲ್ಲಿ ಇಂಥದೇ ಸ್ಲೈಡ್ ನೋಡೋ ಕೆಲಸ ಮಾಡೋನು. 14 ವರ್ಷ ಆಯ್ತು. ಮೇಡಂ, ಎಲ್‌ಎಸ್‌ಐಎಲ್ ಅನ್ನೋದು ಕ್ಯಾನ್ಸರ್‌ನ ಹೆಸರಲ್ಲ. ಗರ್ಭಕಂಠದ ಮೇಲ್ಪದರದ ಕೋಶಗಳಲ್ಲಿ ಸಣ್ಣ ಮಟ್ಟದ ಬದಲಾವಣೆ ಕಂಡಿದೆ ಅಂತ ಅರ್ಥ. ನಮ್ಮ ಕಣ್ಣಿಗೆ ಅದು ಕಾಣೋದು ಹೀಗೆ: ಕೋಶದ ನಡುವಿನ ಬೀಜ ಸ್ವಲ್ಪ ದೊಡ್ಡದಾಗಿ, ಕಪ್ಪಾಗಿ, ಅಂಚು ಸುಕ್ಕಾಗಿರುತ್ತದೆ. ಸುತ್ತ ಒಂದು ಖಾಲಿ ಬಿಳಿ ವೃತ್ತ. ನೀರಲ್ಲಿ ನೆಂದ ಒಣದ್ರಾಕ್ಷಿ ಇದ್ದ ಹಾಗೆ. ಎಚ್‌ಪಿವಿ ವೈರಸ್ ಬಂದು ಕೂತಾಗ ಆಗೋ ಗುರುತು ಅದು. ಬಹಳಷ್ಟು ಜನರಲ್ಲಿ ಒಂದೆರಡು ವರ್ಷದಲ್ಲಿ ದೇಹವೇ ಅದನ್ನ ಓಡಿಸುತ್ತದೆ.

ಇದಕ್ಕಿಂತ ಮೇಲಿನ ದರ್ಜೆ ಎಚ್‌ಎಸ್‌ಐಎಲ್. ಅದೂ ಕ್ಯಾನ್ಸರ್ ಅಲ್ಲ, ಆದರೆ ತಡ ಮಾಡದೆ ನೋಡಬೇಕಾದದ್ದು. ಈ ಹೆಸರುಗಳೆಲ್ಲ 1988ರಿಂದ ಬಂದ ಬೆಥೆಸ್ಡಾ ಪದ್ಧತಿಯವು, ಡಾಕ್ಟರ್‌ಗೆ ಅರ್ಥವಾಗಲಿ ಅಂತ ಮಾಡಿದ್ದು. ಅದನ್ನ ಹಾಗೇ ನೇರವಾಗಿ ಶನಿವಾರ ಸಂಜೆ ಒಬ್ಬ ಹೆಣ್ಣುಮಗಳ ಫೋನಿಗೆ ತಳ್ಳೋದು ತಪ್ಪು ಅಂತ ನಾನು ನಮ್ಮಲ್ಲೇ ಜಗಳ ಆಡಿದ್ದೀನಿ. ಸೈನ್ ಹಾಕೋವಾಗ ಇದನ್ನ ಓದೋರು ಯಾರು, ಎಲ್ಲಿ ಕೂತು ಓದ್ತಾರೆ ಅಂತ ನಮಗೆ ಕಾಣಲ್ಲ. ಇವತ್ತು ಕಾಣಿಸಿತು.

ಪದ್ಮಕ್ಕ · ಗುರುವಾರ ಬೆಳಿಗ್ಗೆ 6:10

ಸುಮಾ, ನಾನು ಮೈಸೂರಿನವಳು, ನನಗೆ 58. ಎರಡು ವರ್ಷದ ಹಿಂದೆ ಮ್ಯಾಮೋಗ್ರಾಮ್‌ನಲ್ಲಿ, ಅಂದ್ರೆ ಸ್ತನದ ಎಕ್ಸ್‌ರೇನಲ್ಲಿ, ಬೈರಾಡ್ಸ್ 4ಎ ಅಂತ ಬಂತು. ನಾನು ಅದನ್ನ ನಾಲ್ಕನೇ ಸ್ಟೇಜ್ ಅಂದುಕೊಂಡೆ ಕಣಮ್ಮ. ಯಾರೂ ಹೇಳಿಕೊಡಲಿಲ್ಲ. ಮೂರು ದಿನ ಹಾಗೇ ಬದುಕಿದೆ. ಒಡವೆ ಯಾವ ಸೊಸೆಗೆ ಯಾವುದು ಅಂತ ಚೀಟಿ ಬರೆದೆ. ಕೊನೆಗೆ ಬಯಾಪ್ಸಿ ಮಾಡಿದ ಡಾಕ್ಟರ್ ಪೆನ್ ತಗೊಂಡು ಬರೆದು ತೋರಿಸಿದರು. 4ಎ ಅಂದ್ರೆ ಕ್ಯಾನ್ಸರ್ ಇರೋ ಸಾಧ್ಯತೆ 100ಕ್ಕೆ 2ರಿಂದ 10. ಸ್ಟೇಜ್‌ಗೂ ಇದಕ್ಕೂ ಸಂಬಂಧವೇ ಇಲ್ಲ. ನನ್ನದು ಫೈಬ್ರೋಅಡಿನೋಮಾ, ಬರೀ ಗಂಟು. ಸದ್ಯ ಕ್ಯಾನ್ಸರ್ ಅಲ್ಲ, ಬದುಕಿದೆ ಅಂದುಕೊಂಡೆ.

ಆದರೆ ನಿನಗೆ ಒಂದು ಮಾತು ಹೇಳಬೇಕು. ಏನಿಲ್ಲ ಅಂತ ಗೊತ್ತಾದ ಮೇಲೂ ನನಗೆ ಸರಿ ಹೋಗಲಿಲ್ಲ. ಸ್ನಾನ ಮಾಡುವಾಗ ದಿನಾ ಮುಟ್ಟಿ ನೋಡೋದು, ಎದೆ ಹಿಡಿದುಕೊಂಡ ಹಾಗಾದರೆ ಬೆವರೋದು. ಮನೆಯವರೆಲ್ಲ 'ಏನಿಲ್ಲ ಅಂದರಲ್ಲ, ಇನ್ನೇನು' ಅಂತ. ಅದಕ್ಕೆ ನಾನು ಬಾಯಿ ಬಿಡಲೇ ಇಲ್ಲ. ನೀನು ಬಿಟ್ಟಿದ್ದೀಯ, ಒಳ್ಳೇದು ಮಾಡಿದೆ.

ನಾಗರಾಜ್_ಬೆಂ · ಬೆಳಿಗ್ಗೆ 9:40

ಕ್ಷಮಿಸಿ, ನನಗೆ ಅನಿಸಿದ್ದನ್ನ ನೇರವಾಗಿ ಹೇಳ್ತೀನಿ. ಆರಾಮಾಗಿರೋರು ಯಾಕೆ ಟೆಸ್ಟ್ ಮಾಡಿಸಬೇಕು? ಹೋದ ವರ್ಷ ಆಫೀಸಿನ ಪ್ಯಾಕೇಜ್‌ನಲ್ಲಿ ನನ್ನ ಹೆಂಡತಿಗೆ ಸಿಎ-125 ಅಂತ ಒಂದು ರಕ್ತ ಪರೀಕ್ಷೆ ಸೇರಿಸಿದ್ದರು. ನಾವು ಕೇಳಿರಲೇ ಇಲ್ಲ. ಜಾಸ್ತಿ ಬಂತು, ಕೆಂಪು ಬಣ್ಣದಲ್ಲಿ. ಮೂರು ವಾರ ಸ್ಕ್ಯಾನ್ ಮೇಲೆ ಸ್ಕ್ಯಾನ್. ಅಂಡಾಶಯದ ಕ್ಯಾನ್ಸರ್ ಅಂತ ನಾವಿಬ್ಬರೂ ನಂಬಿಬಿಟ್ಟಿದ್ದೆವು. ಅವಳು ರಾತ್ರಿ ಎದ್ದು ಮಗು ಪಕ್ಕ ಹೋಗಿ ಕೂರೋಳು. ಕೊನೆಗೆ ಎಂಡೋಮೆಟ್ರಿಯೋಸಿಸ್ ಅಂದರು, ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆಯೋ ತೊಂದರೆ, ಕ್ಯಾನ್ಸರ್ ಅಲ್ಲ. ಆ ಮೂರು ವಾರ ಯಾರು ವಾಪಸ್ ಕೊಡ್ತಾರೆ? ಗೊತ್ತಿಲ್ಲದೆ ಇದ್ದಿದ್ದರೇ ಚೆನ್ನಾಗಿತ್ತು.

ಹುಬ್ಬಳ್ಳಿ_ಗಂಗಾ · ಬೆಳಿಗ್ಗೆ 10:05

ನಾಗರಾಜ್ ಸಾರ್, ನಿಮ್ಮ ನೋವು ಗೊತ್ತಾಗ್ತದೆ. ಆದರೆ 'ಗೊತ್ತಿಲ್ಲದೆ ಇದ್ದಿದ್ದರೇ ಚೆನ್ನಾಗಿತ್ತು' ಅನ್ನೋ ಮಾತು ನನ್ನ ಮುಂದೆ ಹೇಳಬೇಡಿ. ನಮ್ಮ ಅವ್ವ ಒಂದು ವರ್ಷ ಬಿಳಿ ಸೆರಗು, ನಡುವೆ ನಡುವೆ ರಕ್ತ ಅಂತ ಯಾರಿಗೂ ಹೇಳಲಿಲ್ಲ. ಮುಟ್ಟು ನಿಲ್ಲೋ ಕಾಲ ಅಂತ ಸುಮ್ಮನಿದ್ದಳು. ನವನಗರದ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಮೂರನೇ ಸ್ಟೇಜ್. 52 ವರ್ಷಕ್ಕೆ ಹೋದಳು. ಅವಳಿಗೆ ಒಂದು ಸಲ, ಒಂದೇ ಒಂದು ಸಲ ಸುಮಾ ಅಕ್ಕನ ಹಾಗೆ ರಿಪೋರ್ಟ್ ಕೈಗೆ ಬಂದು ಹೆದರಿಕೆ ಆಗಿದ್ದಿದ್ದರೆ ಇವತ್ತು ಇರ್ತಿದ್ದಳು.

ನಾಗರಾಜ್_ಬೆಂ · ಬೆಳಿಗ್ಗೆ 10:31

ತಂಗಿ, ನಾನು ಹಾಗೆ ಹೇಳಬಾರದಿತ್ತು. ಮಾತು ವಾಪಸ್ ತಗೊಂಡೆ. ಆದರೂ ಪ್ಯಾಕೇಜ್ ವಿಷಯದಲ್ಲಿ ನನ್ನ ಸಿಟ್ಟು ಹಾಗೇ ಇದೆ.

ವೈದ್ಯೆ_ಹಾಸನ · ಮಧ್ಯಾಹ್ನ 2:15

ಇಬ್ಬರೂ ಹೇಳೋದು ಸರಿ, ಯಾಕಂದ್ರೆ ಇಬ್ಬರೂ ಮಾತಾಡ್ತಿರೋದು ಬೇರೆ ಬೇರೆ ಪರೀಕ್ಷೆ ಬಗ್ಗೆ. ನಾನು ಸ್ತ್ರೀರೋಗ ವೈದ್ಯೆ.

ಸಿಎ-125 ಆರೋಗ್ಯವಂತರನ್ನ ಸೋಸೋ ಪರೀಕ್ಷೆ ಅಲ್ಲ. ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಂಟು ಇದ್ದರೂ ಏರುತ್ತದೆ, ಎಂಡೋಮೆಟ್ರಿಯೋಸಿಸ್ ಇದ್ದರೂ ಏರುತ್ತದೆ, ಮುಟ್ಟಿನ ದಿನದಲ್ಲೂ ಏರಬಹುದು. ಯಾವ ತೊಂದರೆಯೂ ಇಲ್ಲದವರ ಪ್ಯಾಕೇಜ್‌ಗೆ ಅದನ್ನ ತುರುಕೋದನ್ನ ನಾನೂ ಒಪ್ಪಲ್ಲ. ನಾಗರಾಜ್ ಅವರ ಸಿಟ್ಟು ನ್ಯಾಯವಾದದ್ದು.

ಗರ್ಭಕಂಠದ ಕತೆ ಬೇರೆ. ವೈರಸ್ ಹೊಕ್ಕು ಕ್ಯಾನ್ಸರ್ ಆಗೋಕೆ ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಅಷ್ಟು ಉದ್ದ ಸಮಯ ನಮ್ಮ ಕೈಯಲ್ಲಿದೆ, ನಡುವೆ ಎಲ್ಲಿ ಹಿಡಿದರೂ ತಡೆಯಬಹುದು. ಮುಂಬೈಯ ಟಾಟಾ ಆಸ್ಪತ್ರೆಯವರು ಸುಮಾರು ಒಂದೂವರೆ ಲಕ್ಷ ಹೆಂಗಸರನ್ನ 12 ವರ್ಷ ನೋಡಿದರು. ಹತ್ತನೇ ಕ್ಲಾಸ್ ಓದಿದ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟು, ಆ ಹೆಂಗಸರಲ್ಲಿ ಅರ್ಧದಷ್ಟು ಜನರಿಗೆ ವಿನೆಗರ್‌ನಂಥ ದ್ರಾವಣ ಹಚ್ಚಿ ನೋಡೋ ಸರಳ ಪರೀಕ್ಷೆ ಮಾಡಿಸಿದರು. ಪರೀಕ್ಷೆ ಆಗದವರಿಗೆ ಹೋಲಿಸಿದರೆ, ಅಷ್ಟಕ್ಕೇ ಈ ಕ್ಯಾನ್ಸರ್‌ನಿಂದ ಸಾಯೋರು 31% ಕಡಿಮೆಯಾದರು. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 30ರಿಂದ 49 ವಯಸ್ಸಿನ ಹೆಂಗಸರಲ್ಲಿ ಒಮ್ಮೆಯಾದರೂ ಗರ್ಭಕಂಠದ ಕ್ಯಾನ್ಸರ್ ಪರೀಕ್ಷೆ ಮಾಡಿಸಿದವರು 1.9% ಮಾತ್ರ.

ಸುಮಾ, ಕಾಲ್ಪೋಸ್ಕೋಪಿ ಬಗ್ಗೆ ಹೇಳ್ತೀನಿ, ಗೊತ್ತಿದ್ದರೆ ಭಯ ಅರ್ಧ ಆಗುತ್ತದೆ. ಪ್ಯಾಪ್‌ಗೆ ಮಲಗಿದ ಹಾಗೇ ಮಲಗಬೇಕು. ದುರ್ಬೀನಿನಂಥ ಯಂತ್ರ ಹೊರಗೇ ಇರುತ್ತದೆ, ಒಳಗೆ ಹಾಕಲ್ಲ. ದ್ರಾವಣ ಹಚ್ಚಿದಾಗ ಸ್ವಲ್ಪ ಉರಿ. ಬಯಾಪ್ಸಿ ಬೇಕಾದರೆ ಅಕ್ಕಿಕಾಳಿನಷ್ಟು ಚೂರು ತೆಗೀತಾರೆ, ಚಿವುಟಿದ ಹಾಗಾಗುತ್ತದೆ. ಮುಟ್ಟಿನ ನೋವಿನಂಥ ನೋವು ಸ್ವಲ್ಪ ಹೊತ್ತು ಇರಬಹುದು. ಪ್ಯಾಡ್ ತಗೊಂಡು ಹೋಗಿ. ಜೊತೆಗೆ ಒಬ್ಬರನ್ನ ಕರೆದುಕೊಂಡು ಹೋಗಿ.

ಸುಮಾ_ದಾವಣಗೆರೆ · ರಾತ್ರಿ 10:50

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಮೊದಲ ಸಲ ನಾಲ್ಕು ತುತ್ತು ಊಟ ಮಾಡಿದೆ.

ಆದರೆ ಇವತ್ತು ಇನ್ನೊಂದು ಆಯ್ತು. ಸೂಕ್ಷ್ಮದರ್ಶಕ ಅವರು ಬರೆದಿದ್ದನ್ನ ಮನೆಯವರಿಗೆ ತೋರಿಸಿದೆ, ಧೈರ್ಯ ಬರಲಿ ಅಂತ. ಅವರು ಎಚ್‌ಪಿವಿ ದೈಹಿಕ ಸಂಬಂಧದಿಂದ ಹರಡೋ ವೈರಸ್ ಅಂತ ಓದಿ, ತುಂಬ ಹೊತ್ತು ಸುಮ್ಮನಿದ್ದು, 'ಇದು ನಿನಗೆ ಎಲ್ಲಿಂದ ಬಂತು' ಅಂದರು. ಮದುವೆಯಾಗಿ 18 ವರ್ಷ. ಹೇಗೆ ಉತ್ತರ ಕೊಡಬೇಕೋ ಗೊತ್ತಾಗಲಿಲ್ಲ. ಕ್ಯಾನ್ಸರ್ ಭಯಕ್ಕಿಂತ ಆ ಪ್ರಶ್ನೆ ಜಾಸ್ತಿ ಚುಚ್ಚಿತು. ಈಗ ಅವರು ಹಾಲ್‌ನಲ್ಲಿ, ನಾನು ರೂಮಿನಲ್ಲಿ.

ವೈದ್ಯೆ_ಹಾಸನ · ರಾತ್ರಿ 11:05

ಇದನ್ನ ನಿಮ್ಮ ಯಜಮಾನರಿಗೆ ಹಾಗೇ ತೋರಿಸಿ.

ಸಾರ್, ದಾಂಪತ್ಯ ಇರೋ ಹೆಚ್ಚಿನ ಹೆಂಗಸರಿಗೂ ಗಂಡಸರಿಗೂ ಜೀವನದಲ್ಲಿ ಯಾವತ್ತೋ ಒಮ್ಮೆ ಈ ವೈರಸ್ ತಗುಲುತ್ತದೆ. ಗಂಡಸರಲ್ಲಿ ಬಹುಪಾಲು ಗೊತ್ತೇ ಆಗಲ್ಲ. ವರ್ಷಗಟ್ಟಲೆ ಸದ್ದಿಲ್ಲದೆ ಇದ್ದು ಆಮೇಲೆ ಕಾಣಿಸಿಕೊಳ್ಳಬಹುದು. ಯಾರಿಂದ ಯಾರಿಗೆ, ಯಾವಾಗ ಬಂತು ಅಂತ ಹೇಳೋ ಪರೀಕ್ಷೆ ಇಲ್ಲ. ಇದು ಯಾರ ನಡತೆಗೂ ಸರ್ಟಿಫಿಕೇಟ್ ಅಲ್ಲ. ಗುರುವಾರ ಅವರ ಜೊತೆ ಹೋಗಿ.

ರೇಖಾ_ಕೆ · ರಾತ್ರಿ 11:12

ನನಗೂ ಇದೇ ಪ್ರಶ್ನೆ ಬಂದಿತ್ತು, ಅತ್ತೆಯಿಂದ. ಅದಕ್ಕೇ ಮುಂದಿನ ವರ್ಷದ ಟೆಸ್ಟ್‌ಗೆ ಹೋಗಲೇ ಇಲ್ಲ. ನಾಲ್ಕು ವರ್ಷ ಆಯ್ತು. ಇದನ್ನ ಬರೀತಾ ಕೈ ನಡುಗ್ತಿದೆ.

ವೀಣಾ_ತುಮಕೂರು · ರಾತ್ರಿ 11:14

ರೇಖಾ, ಈ ತಿಂಗಳೇ ಹೋಗಿ. ಬೇಕಾದರೆ ನಾನು ಬರ್ತೀನಿ ನಿಮ್ಮ ಜೊತೆ. ಮೆಸೇಜ್ ಮಾಡಿ.

ಆಶಾ_ರಾಯಚೂರು · ಶುಕ್ರವಾರ ಸಂಜೆ 7:30

ನಾನು ಆಶಾ ಕಾರ್ಯಕರ್ತೆ. ಸರ್ಕಾರದ ಲೆಕ್ಕದಲ್ಲಿ 30 ದಾಟಿದವರಿಗೆಲ್ಲ ಬಾಯಿ, ಸ್ತನ, ಗರ್ಭಕಂಠ ಮೂರನ್ನೂ ನೋಡಬೇಕು. ನಾವು ಮನೆ ಮನೆಗೆ ಹೋಗಿ ಫಾರ್ಮ್ ತುಂಬಿ, ಕೇಂದ್ರಕ್ಕೆ ಕರೆದುಕೊಂಡು ಬರ್ತೀವಿ. ಕರೆತರೋದೇ ದೊಡ್ಡ ಕೆಲಸ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಅಲ್ಲ. ಪಾಸಿಟಿವ್ ಬಂದ ಮೇಲೆ ಮುಂದಿನ ಆಸ್ಪತ್ರೆಗೆ ಕಳಿಸೋದು ಅದಕ್ಕಿಂತ ಕಷ್ಟ.

ನಮ್ಮ ಊರಲ್ಲಿ ಒಬ್ಬ ಅಕ್ಕ. ದ್ರಾವಣ ಹಚ್ಚಿ ಒಂದು ನಿಮಿಷ ಬಿಟ್ಟಾಗ ಬಿಳಿ ಮಚ್ಚೆ ಕಂಡಿತು. ಸಿಸ್ಟರ್ 'ತಾಲೂಕು ಆಸ್ಪತ್ರೆಗೆ ಹೋಗಬೇಕು' ಅಂದಿದ್ದೇ ತಡ, ಆಕೆ ಚಪ್ಪಲಿ ಹಾಕಿಕೊಳ್ಳದೆ ನಡೆದುಬಿಟ್ಟಳು. ಮರುದಿನ ಹೋದರೆ ಬಾಗಿಲು ತೆಗೀಲಿಲ್ಲ. ನಾಲ್ಕನೇ ಸಲ ಹೋದಾಗ ಒಳಗಿಂದಲೇ 'ನನಗ ದೊಡ್ಡ ಬ್ಯಾನಿ ಅಂತ ಊರಿಗೆಲ್ಲ ಗೊತ್ತಾದ್ರ ಮಗಳನ್ನ ಯಾರು ಮಾಡ್ಕೋತಾರ' ಅಂದಳು. ಅದೇ ಭಯ. ಸಾವಿನದಲ್ಲ. ನಾನು 'ಕಣ್ಣಿನ ಆಸ್ಪತ್ರೆಗೆ ಅಂತ ಹೇಳೋಣ, ನಾನೂ ಬರ್ತೀನಿ' ಅಂದೆ. ಇಬ್ಬರೂ ಬಸ್ಸಿನಲ್ಲಿ ಹೋದೆವು. ದಾರಿಯುದ್ದಕ್ಕೂ ಆಕೆ ನನ್ನ ಕೈ ಬಿಡಲಿಲ್ಲ. ಅಲ್ಲಿ ಶಾಖ ಕೊಟ್ಟು ಆ ಜಾಗ ಸುಡುವ ಚಿಕಿತ್ಸೆ ಮಾಡಿದರು, ಅದೇ ದಿನ ಮನೆಗೆ ಬಂದೆವು. ಈಗ ಆಕೆಯೇ ಓಣಿಯವರನ್ನ ಕರೆದುಕೊಂಡು ಬರ್ತಾಳೆ, ಆದರೆ ತನ್ನ ವಿಷಯ ಇನ್ನೂ ಯಾರಿಗೂ ಹೇಳಿಲ್ಲ.

ತೋಟದಮನೆ_ಶಿರಸಿ · ಶನಿವಾರ ಬೆಳಿಗ್ಗೆ 8:00

ಹೆಂಗಸರ ವಿಷಯದ ನಡುವೆ ಬಂದೆ, ಬೇಜಾರಿಲ್ಲ ಅಂದುಕೊಳ್ತೇನೆ. ಗಂಡಸರಿಗೂ ಇದು ಆಗುತ್ತದೆ. ಹಲ್ಲಿನ ಶಿಬಿರದಲ್ಲಿ ನನ್ನ ಎಡಗೆನ್ನೆ ಒಳಗೆ ಬಿಳಿ ಕಲೆ ನೋಡಿ ಬಯಾಪ್ಸಿ ಬರೆದರು. ಮೂವತ್ತು ವರ್ಷ ಎಲೆ ಅಡಿಕೆಯ ಕವಳ ಹಾಕಿದ ಬಾಯಿ. ರಿಪೋರ್ಟ್ ಬರೋವರೆಗೆ ಹನ್ನೆರಡು ದಿನ ನಾನು ಯಾರ ಜೊತೆಗೂ ಮಾತಾಡಲಿಲ್ಲ. ತೋಟಕ್ಕೆ ಹೋಗಿ ಮರದ ಬುಡದಲ್ಲಿ ಸುಮ್ನೆ ಕೂತು ಬರುತ್ತಿದ್ದೆ. ಹೆಂಡತಿ ಕೇಳಿದರೆ ರೇಗುತ್ತಿದ್ದೆ. ಅಳೋಕೆ ಬರದವರು ಹೀಗೇ ಮಾಡ್ತಾರೆ ಅಂತ ಈಗ ಅರ್ಥ ಆಗಿದೆ. ಕ್ಯಾನ್ಸರ್ ಇರಲಿಲ್ಲ. ಕವಳ ಬಿಟ್ಟೆ. ಆರು ತಿಂಗಳಿಗೊಮ್ಮೆ ತೋರಿಸ್ತೇನೆ.

ಅಡಕೆಪ್ರಿಯ · ಬೆಳಿಗ್ಗೆ 8:22

ಅಡಿಕೆಯಿಂದ ಏನೂ ಆಗಲ್ಲ, ತಂಬಾಕಿನಿಂದ ಆಗೋದು. ಸುಮ್ನೆ ಬೆಳೆಗಾರರ ಹೊಟ್ಟೆ ಮೇಲೆ ಹೊಡೀಬೇಡಿ.

ತೋಟದಮನೆ_ಶಿರಸಿ · ಬೆಳಿಗ್ಗೆ 8:40

ನಾನೂ ಬೆಳೆಗಾರನೇ, ನಾಲ್ಕು ಎಕರೆ ಇದೆ. ಬೆಲೆ ಬಿದ್ದರೆ ನನಗೂ ಹೊಡೆತ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ತಂಬಾಕಿಲ್ಲದ ಅಡಿಕೆಯನ್ನೂ ಕ್ಯಾನ್ಸರ್ ತರುವ ಪಟ್ಟಿಗೆ ಸೇರಿಸಿ ಇಪ್ಪತ್ತು ವರ್ಷ ಆಯ್ತು. ನನ್ನ ಬಾಯಿ ನಾನು ನೋಡಿಕೊಳ್ಳಬೇಕಲ್ಲ.

ವೀಣಾ_ತುಮಕೂರು · ಬೆಳಿಗ್ಗೆ 8:43

ಅಡಿಕೆಗೆ ಬೇರೆ ಚರ್ಚೆ ಶುರು ಮಾಡಿ, ದಯವಿಟ್ಟು. ಇಲ್ಲಿ ಬೇಡ.

ಸ್ಲೌ_ಶ್ರೀಧರ · ಶನಿವಾರ ರಾತ್ರಿ 9:15

ನಾವು ಇಂಗ್ಲೆಂಡಿನಲ್ಲಿದ್ದೇವೆ. ಅಮ್ಮ ನಮ್ಮ ಜೊತೆ ಇರ್ತಾರೆ, 63. ಇಲ್ಲಿ 50 ದಾಟಿದವರಿಗೆ ಮೂರು ವರ್ಷಕ್ಕೊಮ್ಮೆ ಮ್ಯಾಮೋಗ್ರಾಮ್‌ಗೆ ಕಾಗದ ಬರುತ್ತದೆ. ಅಮ್ಮನಿಗೆ ಮತ್ತೆ ಬನ್ನಿ ಅಂತ ಎರಡನೇ ಕಾಗದ ಬಂತು. ಅದರ ಜೊತೆ ಒಂದು ಚಿಕ್ಕ ಪುಸ್ತಕ. 100 ಜನರಲ್ಲಿ ಸುಮಾರು 4 ಜನರನ್ನ ಮತ್ತೆ ಕರೀತೇವೆ, ಆ 4ರಲ್ಲಿ ಒಬ್ಬರಿಗೆ ಕ್ಯಾನ್ಸರ್ ಇರುತ್ತದೆ ಅಂತ ಇತ್ತು. ನಾನು ಅಮ್ಮನಿಗೆ ಕಡಲೆಬೀಜ ಇಟ್ಟು ತೋರಿಸಿದೆ. ನಾಲ್ಕು ಬೀಜ ಬೇರೆ ಇಟ್ಟೆ, ಅದರಲ್ಲಿ ಮೂರು ಪಕ್ಕಕ್ಕೆ ತಳ್ಳಿದೆ. ಅಮ್ಮ ಉಳಿದ ಒಂದು ಬೀಜವನ್ನೇ ನೋಡ್ತಾ 'ನಾನು ಇದಾದರೆ?' ಅಂದರು. ಲೆಕ್ಕ ಗೊತ್ತಿದ್ದರೆ ಸಾಕು ಅಂತ ನಾನು ತಿಳಿದಿದ್ದೆ. ಆಮೇಲೆ ಲೆಕ್ಕ ಬಿಟ್ಟು ಅವರ ಪಕ್ಕ ಕೂತೆ. ಅದೇ ಆಗಬೇಕಾಗಿದ್ದದ್ದು.

ಕಿಮೋ_ಮುಗಿಸಿದವಳು · ಭಾನುವಾರ ಮಧ್ಯಾಹ್ನ 1:00

ಬರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ನಾನು ಆ ನಾಲ್ಕನೇ ಬೀಜ. ಕಿದ್ವಾಯಿಯಲ್ಲಿ ಚಿಕಿತ್ಸೆ ಆಯ್ತು, ಈಗ ಮೂರು ವರ್ಷ, ಚೆನ್ನಾಗಿದ್ದೇನೆ, ಕೆಲಸಕ್ಕೆ ಹೋಗ್ತೀನಿ. 'ಸದ್ಯ ಕ್ಯಾನ್ಸರ್ ಅಲ್ಲ, ಬದುಕಿದೆ' ಅಂತ ಎಲ್ಲರೂ ಬರೆದಾಗ ನನಗೆ ಒಳಗೆ ಒಂಥರಾ ಆಗುತ್ತದೆ. ನಾನೂ ಬದುಕಿದ್ದೇನಲ್ಲ. ನಿಮ್ಮನ್ನ ಬೈತಿಲ್ಲ. ನಿಜ ಹೇಳಬೇಕು ಅಂದ್ರೆ, ರಿಪೋರ್ಟ್ ಬರೋ ಮೊದಲಿನ ಆ ಹತ್ತು ದಿನ ಕಿಮೋಗಿಂತ ಕೆಟ್ಟದಾಗಿತ್ತು. ಗೊತ್ತಾದ ಮೇಲೆ ಮಾಡೋಕೆ ಒಂದು ಕೆಲಸ ಇತ್ತು. ಸುಮಾ, ನಿಮ್ಮ ರಿಪೋರ್ಟ್ ಏನೇ ಬರಲಿ, ಅದರ ಆಚೆಗೂ ದಾರಿ ಇದೆ.

ಪದ್ಮಕ್ಕ · ಮಧ್ಯಾಹ್ನ 1:40

ತಾಯಿ, ನನ್ನ ಮಾತಿಂದ ನೋವಾಗಿದ್ದರೆ ಕ್ಷಮಿಸು. ಇನ್ನು ಮುಂದೆ ಹಾಗೆ ಹೇಳಲ್ಲ.

ಮನದಮಾತು · ಭಾನುವಾರ ರಾತ್ರಿ 8:30

ಆಪ್ತಸಮಾಲೋಚಕಿ ನಾನು. ಪದ್ಮಕ್ಕ ಹೇಳಿದ್ದು ಅವರೊಬ್ಬರ ಅನುಭವ ಅಲ್ಲ. ಡೆನ್ಮಾರ್ಕ್‌ನಲ್ಲಿ ಮ್ಯಾಮೋಗ್ರಾಮ್ ಅನುಮಾನ ಬಂದು ಆಮೇಲೆ ಏನಿಲ್ಲ ಅಂತಾದ ಹೆಂಗಸರನ್ನ ವಿಚಾರಿಸಿದಾಗ, ಮೂರು ವರ್ಷ ಕಳೆದರೂ ಆತಂಕದ ಗುರುತು ಉಳಿದಿತ್ತು. 2013ರಲ್ಲಿ ಪ್ರಕಟವಾದದ್ದು. ಹಾಗಾಗಿ 'ಏನಿಲ್ವಲ್ಲ, ಇನ್ಯಾಕೆ' ಅಂತ ಮನೆಯವರು ಹೇಳಬೇಡಿ. ರೇಖಾ ಅವರ ಹಾಗೆ ಮುಂದಿನ ಪರೀಕ್ಷೆಯನ್ನೇ ತಪ್ಪಿಸೋದೂ ಇದೇ ಭಯದಿಂದ. ನಡುರಾತ್ರಿ ತಡೆಯೋಕೆ ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ರೇಖಾ_ಕೆ · ಬುಧವಾರ ಸಂಜೆ 5:10

ಸ್ಯಾಂಪಲ್ ಕೊಟ್ಟು ಬಂದೆ. ವೀಣಾ ತುಮಕೂರಿನಿಂದ ಬಂದಿದ್ದರು. ಇಷ್ಟೇ ಹೇಳೋಕೆ ಬಂದೆ.

ಸುಮಾ_ದಾವಣಗೆರೆ · ಗುರುವಾರ ಸಂಜೆ 6:45

ಮುಗೀತು. ವೈದ್ಯೆ ಹೇಳಿದ ಹಾಗೇ ಇತ್ತು, ಉರಿ, ಆಮೇಲೆ ಎರಡು ಸಲ ಚಿವುಟಿದ ಹಾಗೆ. ಚೂರು ತೆಗೆದಿದ್ದಾರೆ, ಎಂಟು ದಿನ ಅಂದರು.

ಮನೆಯವರು ಬಂದಿದ್ದರು. ಅವತ್ತಿನ ಮಾತಿಗೆ ಕ್ಷಮಿಸು ಅಂತ ಬಾಯಲ್ಲಿ ಹೇಳಲಿಲ್ಲ. ಹೊರಗೆ ಬಂದಾಗ ಬೆಂಚಿನ ಮೇಲೆ ನನ್ನ ಬ್ಯಾಗನ್ನ ತೊಡೆ ಮೇಲೆ ಇಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. ಮುಖ ಬೆಳ್ಳಗಾಗಿತ್ತು. ಅವರಿಗೂ ಭಯ ಅಂತ ನನಗೆ ಇವತ್ತೇ ಗೊತ್ತಾಗಿದ್ದು. ಆಟೋದಲ್ಲಿ 'ಆ ಡಾಕ್ಟ್ರು ಬರೆದಿದ್ದನ್ನ ಮೂರು ಸಲ ಓದಿದೆ' ಅಂದರು. ನನಗೆ ಇನ್ನೂ ಸಿಟ್ಟು ಪೂರ್ತಿ ಹೋಗಿಲ್ಲ. ಆದರೆ ಮನೆಗೆ ಬಂದು ಊಟ ಒಟ್ಟಿಗೇ ಮಾಡಿದೆವು.

ಸುಮಾ_ದಾವಣಗೆರೆ · ಮರುವಾರ ಶುಕ್ರವಾರ ರಾತ್ರಿ 9:30

ರಿಪೋರ್ಟ್ ಬಂತು. ಸಿಐಎನ್ 1, ಅಂದ್ರೆ ಸಣ್ಣ ಮಟ್ಟದ ಬದಲಾವಣೆಯೇ, ಕ್ಯಾನ್ಸರ್ ಅಲ್ಲ. ಈಗ ಚಿಕಿತ್ಸೆ ಬೇಡ, ಒಂದು ವರ್ಷ ಬಿಟ್ಟು ಮತ್ತೆ ಪರೀಕ್ಷೆ ಅಂದಿದ್ದಾರೆ. ಈ ಸಲ ಪಿಡಿಎಫ್ ತೆರೆಯಲೇ ಇಲ್ಲ. ಡಾಕ್ಟರ್ ಎದುರು ಕೂತು, ಅವರಿಂದಲೇ ಓದಿಸಿಕೊಂಡೆ. ಕೇಳಬೇಕಾದ್ದನ್ನ ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ, ಒಂಬತ್ತು ಪ್ರಶ್ನೆ, ಎಲ್ಲಕ್ಕೂ ಉತ್ತರ ಕೊಟ್ಟರು.

ಖುಷಿ ಆಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಮನೆಗೆ ಬಂದು ಅಕ್ಕಿ ತೊಳೆಯುತ್ತಾ ಇದ್ದಕ್ಕಿದ್ದ ಹಾಗೆ ಅಳು ಬಂತು, ನಲ್ಲಿ ಜೋರಾಗಿ ತಿರುಗಿಸಿ ಅತ್ತುಬಿಟ್ಟೆ. ಮಗಳು ಬಂದು ನಿಂತಳು. ಅವಳಿಗೆ ಹೇಳಿದೆ, ಅವಳಿಗೆ ಅರ್ಥವಾಗುವಷ್ಟು. 'ಹಾಗಾದ್ರೆ ನನಗೆ ಸ್ಕೂಲಲ್ಲಿ ಹೇಳಿದ್ರಲ್ಲ ಲಸಿಕೆ, ಅದು ಇದಕ್ಕೇನಾ?' ಅಂತ ಕೇಳಿದಳು.

ವೈದ್ಯೆ_ಹಾಸನ · ರಾತ್ರಿ 9:52

ಹೌದು, ಅದಕ್ಕೇ. 9ರಿಂದ 14 ವಯಸ್ಸಿನೊಳಗೆ ಕೊಡಿಸಿದರೆ ಒಳ್ಳೆಯದು, ಹಾಗಾಗಿ ತಡ ಮಾಡಬೇಡಿ. ಲಸಿಕೆ ಹಾಕಿಸಿದರೂ ದೊಡ್ಡವಳಾದ ಮೇಲೆ ಪರೀಕ್ಷೆ ಮಾಡಿಸಲೇಬೇಕು.

ಸೂಕ್ಷ್ಮದರ್ಶಕ · ರಾತ್ರಿ 10:04

ಮೇಡಂ, ಒಂದು ಕೆಲಸ ಮಾಡಿ. ಎರಡೂ ರಿಪೋರ್ಟ್‌ನ ಮೇಲಿನ ಸ್ಲೈಡ್ ನಂಬರ್ ಬರೆದಿಟ್ಟುಕೊಳ್ಳಿ. ಮುಂದಿನ ವರ್ಷ ಬೇರೆ ಲ್ಯಾಬ್‌ಗೆ ಹೋದರೂ ಹಳೇದನ್ನ ಜೊತೆಗೆ ಕೊಡಿ, ಹೋಲಿಸಿ ನೋಡೋಕೆ ಆಗುತ್ತದೆ. ಕಳೀಬೇಡಿ.

ಸುಮಾ_ದಾವಣಗೆರೆ · ರಾತ್ರಿ 10:15

ಬರೆದುಕೊಂಡೆ. ರವೆ ಡಬ್ಬದ ಹಿಂದಿಂದ ತೆಗೆದು, ಮನೆಯವರ ಬಿಪಿ ಫೈಲ್ ಪಕ್ಕ ಬೀರುವಿನಲ್ಲಿ ಇಟ್ಟಿದ್ದೀನಿ. ಅತ್ತೆ ನೋಡಿ ಏನಿದು ಅಂದರು. ನಾಳೆ ಬೆಳಿಗ್ಗೆ ಕಾಫಿ ಕುಡೀತಾ ಹೇಳ್ತೀನಿ ಅಂದಿದ್ದೀನಿ.